ಹಿರಿಯ ಕುಣಿಕೆ

ಬೇಡವೆಂದರೂ ಬಟ್ಟಲು ಬಂತು. ಬಂದದ್ದು ಸರಿಯಾಗಿ ಅವನ ವರದಿಯ ಮೇಲೇ ಕೂತಿತು. ತಾಳೆ ಎಣ್ಣೆಯಲ್ಲಿ ಬೆಂದ ಅಲಸಂದೆ ಕಾಳು. ಅಂಚಿನಿಂದ ಕೆಂಪು ಎಣ್ಣೆ ಇಳಿದು ಮೊದಲ ಪುಟದಲ್ಲಿದ್ದ ಅಬೋಸೆಡೆಯ ಹೆಸರಿಗೆ ಮೆತ್ತಿಕೊಂಡಿತು.

ಟೆರ್ಸೂ ಅಕೋಸು ಬಟ್ಟಲನ್ನು ಎರಡೇ ಬೆರಳಿನಲ್ಲಿ ಎತ್ತಿ ಕಿಟಕಿಯ ಹತ್ತಿರ ಇಟ್ಟ. ಹನ್ನೊಂದು ಗಂಟೆಗೆ ಆ ಹುಡುಗಿಯ ಡಾಕ್ಟರೇಟ್ ಪ್ರಬಂಧದ ಮೌಖಿಕ ಪರೀಕ್ಷೆ. ಮೂವರು ಪರೀಕ್ಷಕರಲ್ಲಿ ಅವನೊಬ್ಬ. ಪ್ರಬಂಧ ಯಾಕೆ ನಪಾಸಾಗಬೇಕು ಎಂದು ಆರು ಪುಟ ಬರೆದಿಟ್ಟಿದ್ದ. ಬರೆಯುವಾಗ, ಬಹಳ ದಿನಗಳ ಮೇಲೆ, ಸಂತೋಷವಾಗಿತ್ತು.

“ತಿನ್ಲೇಬೇಕು ಸಾರ್. ಅವಳಿ ಮಕ್ಕಳ ಕಾಳು ಇದು. ಬೇಡ ಅಂದ್ರೆ ಮಕ್ಕಳು ಮುನಿಸ್ಕೋತಾರೆ,” ಎಂದಳು ಇಯಾ ಇಬೇಜಿ.

ಲ್ಯಾಬಿನ ಸಹಾಯಕಿ. ಸಂಬಳದ ಪಟ್ಟಿಯಲ್ಲಿ ಅವಳ ಹೆಸರು ಮೊರೊಂಕೆ. ಅವಳಿ ಹೆತ್ತ ಮೇಲೆ ಈ ಇಬಾದಾನ್ ಊರಿನಲ್ಲಿ ಯಾರೂ ಹೆಂಗಸನ್ನು ಹುಟ್ಟುಹೆಸರಿನಲ್ಲಿ ಕರೆಯುವುದಿಲ್ಲ. ಅವಳಿಗಳ ತಾಯಿ, ಇಯಾ ಇಬೇಜಿ, ಅಷ್ಟೆ. ಮಕ್ಕಳ ಹುಟ್ಟುಹಬ್ಬಕ್ಕೆ ಪ್ರತಿ ವರ್ಷ ಒಂದು ಕೊಳಗ ಕಾಳು ಬೇಯಿಸಿ ಇಡೀ ಸಂಶೋಧನಾ ಕೇಂದ್ರಕ್ಕೆ ಹಂಚುತ್ತಿದ್ದಳು. ಕಾವಲುಗಾರನಿಂದ ಪ್ರೊಫೆಸರರ ತನಕ ಎಲ್ಲರೂ ಬೆರಳು ನೆಕ್ಕಿಕೊಂಡು ತಿನ್ನುತ್ತಿದ್ದರು. ಟೆರ್ಸೂ ತಿಂದಿರಲಿಲ್ಲ.

ಅವನು ಈ ಊರಿಗೆ ಬಂದು ಹನ್ನೊಂದು ವರ್ಷ. ಬೆನ್ಯುವೆ ನದಿಯ ಕಡೆಯ ಟಿವ್ ಜನದವನು. ಇಲ್ಲಿಯವರ ಯೊರೂಬಾ ಭಾಷೆಯಲ್ಲಿ ಅವನಿಗೆ ಬರುತ್ತಿದ್ದದ್ದು ಮೂರು ಮಾತು: ಎಷ್ಟು, ಜಾಸ್ತಿಯಾಯಿತು, ನಿಲ್ಲಿಸು. ಮೂರೂ ಟ್ಯಾಕ್ಸಿಯವರ ಜೊತೆ ಆಡುವಂಥವು. ನಾಲ್ಕನೆಯದನ್ನು ಕಲಿಯದೆ ಇರುವುದನ್ನು ಅವನು ವ್ರತ ಹಿಡಿದವನಂತೆ ಪಾಲಿಸಿಕೊಂಡು ಬಂದಿದ್ದ. ಅವನು ಕೋಣೆಗೆ ಬಂದರೆ ಅವರು ಇಂಗ್ಲಿಷಿಗೆ ಹೊರಳುತ್ತಿದ್ದರು, ಹೋದರೆ ನಗುತ್ತಿದ್ದರು. ನಗು ಯಾವುದಕ್ಕೆ ಎಂದು ಅವನು ಯಾವತ್ತೂ ಕೇಳಲಿಲ್ಲ. ತನಗೇ ಇರಬೇಕು ಎಂದುಕೊಂಡ. ಎಷ್ಟೋ ಸಲ ಅದು ನಿಜವೂ ಆಗಿತ್ತು.

ಇಯಾ ಇಬೇಜಿ ಕದಲಲಿಲ್ಲ. ಅವಳನ್ನು ಸಾಗಹಾಕಲು ಏನಾದರೂ ಒಂದು ಮಾತು ಬೇಕಿತ್ತು. ಮಕ್ಕಳಿಗೆ ಎಷ್ಟು ವರ್ಷವಾಯಿತು ಎಂದು ಕೇಳಿದ. ಹದಿನಾಲ್ಕು ಎಂದಳು. ಒಬ್ಬ ಶಾಲೆಯಲ್ಲಿ ಗಣಿತಕ್ಕೆ ಮೊದಲು, ಇನ್ನೊಬ್ಬ ಫುಟ್‌ಬಾಲಿಗೆ ಮೊದಲು ಎಂದಳು.

“ಗಣಿತದವನು ದೊಡ್ಡವನೋ? ತಾಯ್ವೋ?”

“ತಾಯ್ವೋನೇ ಗಣಿತ. ಆದ್ರೆ ಅವನು ಚಿಕ್ಕೋನು ಸಾರ್. ದೊಡ್ಡೋನು ಕೆಹಿಂದೆ.”

“ತಾಯ್ವೋ ಅಂದ್ರೆ ಮೊದಲು ಹುಟ್ಟಿದವನು ಅಲ್ವಾ?”

“ಮೊದಲು ಹುಟ್ಟಿದ್ರೆ ದೊಡ್ಡೋನಾಗಿಬಿಡ್ತಾನಾ?” ಅವಳಿಗೆ ನಗು ಬಂತು. “ದೊಡ್ಡೋನು ಒಳಗೇ ಕೂತಿರ್ತಾನೆ ಸಾರ್. ಹೋಗೋ, ಹೊರಗೆ ಹೆಂಗಿದೆ ನೋಡ್ಕೊಂಡ್ ಬಾ ಅಂತ ಚಿಕ್ಕೋನನ್ನ ಮುಂದೆ ಕಳಿಸ್ತಾನೆ. ಇವನು ಬಂದು ಅಳ್ತಾನೆ. ಅಳು ಕೇಳಿದ್ಮೇಲೆ ಪರವಾಗಿಲ್ಲ ಅಂತ ಅವನು ನಿಧಾನಕ್ಕೆ ಬರ್ತಾನೆ. ದೊಡ್ಡೋರು ಯಾವತ್ತಾದ್ರೂ ತಾವೇ ಮುಂದೆ ಓಡ್ತಾರಾ?”

ಟೆರ್ಸೂಗೆ ಮೊದಲು ಬಂದದ್ದು ಸಿಟ್ಟು. ಎಂಥ ಅಡ್ಡಾದಿಡ್ಡಿ ಲೆಕ್ಕ ಇದು. ಆಮೇಲೆ ಅವನ ಕಣ್ಣು ಮೇಜಿನ ಮೇಲಿದ್ದ ವರದಿಗೆ ಹೋಯಿತು.

ಅವನ ಹೆಸರು, ಅವನ ಕೋಣೆ, ಬಾಗಿಲಿನ ಮೇಲಿನ ಫಲಕ, ಎಲ್ಲವೂ ಒಂದು ದಾರದ ಬಾಲಕ್ಕೆ ನೇತುಬಿದ್ದಿದ್ದವು. ಕಾಡಂಚಿನ ಊರುಗಳಲ್ಲಿ ಜ್ವರ ಹಚ್ಚುವ ಒಂದು ವೈರಸ್ಸು. ಸೊಳ್ಳೆಯಿಂದ ಮನುಷ್ಯನಿಗೆ, ಮನುಷ್ಯನಿಂದ ಸೊಳ್ಳೆಗೆ ಹೋಗಿಬರುವಂಥದ್ದು. ಅದರ ಆರ್‌ಎನ್‌ಎ ಹನ್ನೊಂದು ಸಾವಿರ ಅಕ್ಷರದ ಒಂಟಿ ದಾರ. ದಾರ ನೆಟ್ಟಗೆ ಇದ್ದಾಗ ಜೀವಕೋಶ ಅದನ್ನು ಓದಿ ಅದಕ್ಕೆ ಬೇಕಾದ ಪ್ರೋಟೀನು ಮಾಡಿಕೊಡುತ್ತದೆ. ತಲೆಯೂ ಬಾಲವೂ ಒಂದನ್ನೊಂದು ಹುಡುಕಿ ಹೆಣೆದುಕೊಂಡು ಬಳೆಯಾದಾಗ ಮಾತ್ರ ನಕಲು ಶುರುವಾಗುತ್ತದೆ. ಬಾಲದ ಹತ್ತಿರ ದಾರ ತನ್ನ ಮೇಲೇ ಮಡಿಚಿ ಎರಡು ಕುಣಿಕೆ ಹಾಕಿಕೊಂಡಿದೆ. ಎರಡೂ ಒಂದೇ ಅಚ್ಚಿನವು, ಒಂದರ ಹಿಂದೆ ಒಂದು. ಒಂದೇ ಕೆಲಸಕ್ಕೆ ಎರಡು ಯಾಕೆ ಎಂಬುದು ಪ್ರಶ್ನೆ.

ಉತ್ತರ ಹೇಳಿದವನು ಟೆರ್ಸೂ. ಒಂದು ಮನುಷ್ಯನ ಮೈಗೆ, ಇನ್ನೊಂದು ಸೊಳ್ಳೆಯ ಮೈಗೆ. ಒಂದೊಂದನ್ನೇ ಇಯಾ ಇಬೇಜಿಯ ಕೈಯಿಂದ ಕತ್ತರಿಸಿ ತೆಗೆಸಿ, ಉಳಿದ ವೈರಸ್ಸನ್ನು ಮನುಷ್ಯನ ಕೋಶಗಳಲ್ಲೂ ಸೊಳ್ಳೆಯ ಕೋಶಗಳಲ್ಲೂ ಬೆಳೆಸಿ ನೋಡಿದ್ದ. ಮೊದಲನೆಯ ಕುಣಿಕೆ ಹೋದರೆ ಅದು ಮನುಷ್ಯನಲ್ಲಿ ಬೆಳೆಯುವುದಿಲ್ಲ ಎಂದು ನಾಲ್ಕು ವರ್ಷದ ಹಿಂದೆ ಪ್ರಕಟಿಸಿದ. ದೂರದ ದೇಶಗಳಿಂದ ಪತ್ರ ಬಂದವು. ಅಬೋಸೆಡೆಯ ಪ್ರಬಂಧ ಹೇಳುತ್ತಿದ್ದದ್ದು ತದ್ವಿರುದ್ಧ: ಮನುಷ್ಯನಿಗೆ ಬೇಕಾದದ್ದು ಎರಡನೆಯದು.

ಆ ಕುಣಿಕೆಗಳಲ್ಲಿ ಮೊದಲನೆಯದಕ್ಕೆ ತಾಯ್ವೋ, ಎರಡನೆಯದಕ್ಕೆ ಕೆಹಿಂದೆ ಎಂದು ಹೆಸರಿಟ್ಟವಳು ಇಯಾ ಇಬೇಜಿ. ಕೆಹಿಂದೆ ಎಂದರೆ ಹಿಂದಿನಿಂದ ಬಂದವನು. ಕನ್ನಡದ ಕಿವಿಗೂ ಅದು ಹಾಗೆಯೇ ಕೇಳುತ್ತದೆ. ಲ್ಯಾಬಿನಲ್ಲಿ ಎಲ್ಲರೂ ಆ ಹೆಸರುಗಳನ್ನು ಆಡುತ್ತಿದ್ದರು. ಒಂದು ದಿನ, ಯಾವ ಮಬ್ಬು ಕವಿದಿತ್ತೋ, ಟೆರ್ಸೂ ಕೂಡ ಸಲಿಗೆಯಿಂದ ಒಂದು ಮಾತಾಡಿದ್ದ. ಮೊದಲು ಹಿರಿಯವನನ್ನು ಕತ್ತರಿಸಿ ಎಂದಿದ್ದ. ಅವಳು ನಕ್ಕಿದ್ದಳು. ಅವಳನ್ನು ನಗಿಸಿದೆ ಎಂದು ಅವನಿಗೆ ಆ ದಿನವೆಲ್ಲ ಹೆಮ್ಮೆಯಾಗಿತ್ತು.

“ಆ ಹಳೇ ವೈರಸ್ ಕೊಳವೆಗಳು ಇದಾವಲ್ಲ,” ಎಂದ, ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ. “ಹಿರಿಯ ಇಲ್ಲ ಅಂತ ಬರೆದಿದೀರಲ್ಲ.”

“ದೊಡ್ಡ ಫ್ರೀಜರಿನಲ್ಲಿವೆ. ಮೂರನೇ ಅರೆ. ತರ್ಲಾ?”

“ಬೇಡ. ಯಾವುದನ್ನ ತೆಗೆದಿದ್ರಿ ಅದರಲ್ಲಿ?”

“ದೊಡ್ಡೋನನ್ನ. ನೀವೇ ಹೇಳಿದ್ರಲ್ಲ ಸಾರ್.” ಅವಳು ಅವನ ಮುಖ ನೋಡಿದಳು. “ಯಾಕ್ ಸಾರ್?”

“ಏನಿಲ್ಲ. ಸುಮ್ಮನೆ.”

ಅವಳು ಹೋದ ಮೇಲೆ ಅವನೇ ಫ್ರೀಜರಿನ ಹತ್ತಿರ ಹೋದ. ಬಾಗಿಲು ತೆರೆದಾಗ ಬಿಳಿ ಹೊಗೆ ಮುಖಕ್ಕೆ ಹೊಡೆಯಿತು. ಪೆಟ್ಟಿಗೆ ಸಿಕ್ಕಿತು, ಅವಳ ದುಂಡು ಅಕ್ಷರವೂ ಸಿಕ್ಕಿತು. ಕೊಳವೆಯನ್ನು ನೋಡಿ ತಿಳಿಯುವುದೇನೂ ಇರಲಿಲ್ಲ. ಒಳಗಿನ ಆರ್‌ಎನ್‌ಎಯ ಅಕ್ಷರಗಳನ್ನು ಯಂತ್ರದಲ್ಲಿ ಓದಿಸಿ ನೋಡಬೇಕಾದದ್ದು ಅಂದು, ಪ್ರಕಟಿಸುವ ಮೊದಲೇ. ಓದಿಸಲು ಹೊರದೇಶಕ್ಕೆ ಕಳಿಸಬೇಕಿತ್ತು. ಕಳಿಸಿದ ಪೆಟ್ಟಿಗೆ ಲಾಗೋಸಿನ ವಿಮಾನ ನಿಲ್ದಾಣದಲ್ಲಿ ಆರು ದಿನ ಬಿಸಿಲು ಕಾದು ನೀರಾಗಿ ಹಿಂದೆ ಬಂತು. ಎರಡನೆಯ ಸಲ ಅವನು ಕಳಿಸಲಿಲ್ಲ. ತಾನು ಪ್ರಕಟಿಸಿದ ಲೇಖನದಲ್ಲಿ ಮಾತ್ರ ‘ಓದಿಸಿ ಖಚಿತಪಡಿಸಿಕೊಳ್ಳಲಾಗಿದೆ’ ಎಂದು ಒಂದು ಸಾಲು ಬರೆದ. ಎಲ್ಲರೂ ಬರೆಯುವ ಸಾಲು ಅದು.

ಹಾಗಾದರೆ ಅವಳು ಕತ್ತರಿಸಿದ್ದು ಕೆಹಿಂದೆಯನ್ನು, ಎರಡನೆಯದನ್ನು. ಮನುಷ್ಯನಲ್ಲಿ ಬೆಳೆಯದೆ ಹೋದದ್ದು ಎರಡನೆಯದು ಇಲ್ಲದ ವೈರಸ್ಸು. ಅಬೋಸೆಡೆ ಹೇಳಿದ್ದು ಸರಿ.

ತನ್ನ ಆರು ಪುಟಗಳಲ್ಲಿ ನಾಲ್ಕನೆಯದು ಅವನಿಗೆ ಬಾಯಿಪಾಠವಾಗಿತ್ತು. ‘ಅಭ್ಯರ್ಥಿಯು ಅಜಾಗರೂಕತೆಯಿಂದ ಕೊಳವೆಗಳನ್ನು ಅದಲುಬದಲು ಮಾಡಿರುವ ಸಾಧ್ಯತೆ ಹೆಚ್ಚು.’ ಫ್ರೀಜರು ಬಾಗಿಲು ಹಾಕಿ ಎಂದು ಕಿರುಗುಟ್ಟತೊಡಗಿತು. ಅವನು ಹಾಕಿದ.

ಹಿಂದೆ ತಿರುಗಿದರೆ ಅಬೋಸೆಡೆ. ನೀಲಿ ನಿಲುವಂಗಿ, ಕೈಯಲ್ಲಿ ಕಡತ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಅವಳನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಸೇರಿದ ಮೊದಲ ತಿಂಗಳಲ್ಲೇ, ತುಂಬಿದ ಸಭೆಯಲ್ಲಿ ಎದ್ದು ನಿಂತು, ಸಾರ್ ನಿಮ್ಮ ಚಿತ್ರದಲ್ಲಿ ದಾರ ತಲೆಕೆಳಗಾಗಿದೆ ಎಂದಿದ್ದಳು. ನಿಜಕ್ಕೂ ತಲೆಕೆಳಗಾಗಿತ್ತು. ಅವಳು ಕೂತ ಮೇಲೆ ಪಕ್ಕದವಳ ಕಿವಿಯಲ್ಲಿ ತಮ್ಮ ಭಾಷೆಯಲ್ಲಿ ಏನೋ ಅಂದಳು. ಆ ಸಾಲು ಪೂರ್ತಿ ನಕ್ಕಿತು. ಆ ಮಾತು ಏನಿದ್ದೀತು ಎಂದು ಅವನು ಇವತ್ತಿಗೂ ಸ್ನಾನ ಮಾಡುವಾಗ ಯೋಚಿಸುತ್ತಿದ್ದ.

“ಕಾಳು ತಿಂದ್ರಾ ಸಾರ್?”

“ಹಸಿವಿಲ್ಲ.”

“ನಿಮ್ಮ ವರದಿ ಓದಿದೆ. ನಾಲ್ಕನೇ ಪುಟ ಎರಡು ಸಲ.”

“ಸಾಧ್ಯತೆ ಅಂತ ಬರೆದಿದೀನಿ. ಖಂಡಿತ ಅಂತ ಬರೆದಿಲ್ಲ.”

“ನನ್ನ ಕೊಳವೆಗಳನ್ನ ನಾನು ಓದಿಸಿದೀನಿ. ಅಮ್ಮನ ಹೊಲಿಗೆ ಯಂತ್ರ ಮಾರಿ ಓದಿಸಿದೀನಿ.” ಅವಳ ದನಿ ಏರಲಿಲ್ಲ. “ನಿಮ್ಮವನ್ನ ಓದಿಸಿದ್ರಾ ಸಾರ್?”

“ಹನ್ನೊಂದಕ್ಕೆ ಮಾತಾಡೋಣ.”

“ಆಗ್ಲಿ. ಹನ್ನೊಂದಕ್ಕೇ.” ಅವಳು ಫ್ರೀಜರಿನ ಹಿಡಿಯ ಮೇಲೆ ಅವನ ಬೆರಳು ಬಿಟ್ಟ ಒದ್ದೆ ಗುರುತನ್ನು ನೋಡಿ, ಹೊರಟುಹೋದಳು.

ಹನ್ನೊಂದಕ್ಕೆ ಕರೆಂಟು ಇರಲಿಲ್ಲ. ಕಿಟಕಿಯ ಕೆಳಗೆ ಜನರೇಟರು ಗುಡುಗುತ್ತಿತ್ತು. ಅದರ ಸದ್ದಿಗೆ ಎಲ್ಲರೂ ಜಗಳವಾಡುವವರಂತೆ ಮಾತಾಡಬೇಕಾಗಿತ್ತು. ಕೇಂದ್ರದ ಮುಖ್ಯಸ್ಥ ಪ್ರೊಫೆಸರ್ ಓಯೆಗಾಡೆ ನಡುವೆ ಕೂತಿದ್ದ, ಗಡ್ಡದಲ್ಲಿ ಒಂದು ಅಲಸಂದೆಯ ಸಿಪ್ಪೆ ಅಂಟಿಕೊಂಡಿತ್ತು. ಎಡಕ್ಕೆ ಜೋಸ್ ಊರಿನಿಂದ ಬಂದ ಪರೀಕ್ಷಕ, ಮೆಲುಮಾತಿನವನು, ಮಾತಾಡಿದ್ದು ಯಾರಿಗೂ ಕೇಳುತ್ತಿರಲಿಲ್ಲ.

“ನಮ್ಮ ಗೆಣಸಿನ ನಾಡಿನ ಡಾಕ್ಟ್ರು ಬಂದ್ರು,” ಎಂದ ಓಯೆಗಾಡೆ. “ಇವತ್ತು ಯಾರನ್ನ ಕುಟ್ಟಿ ಮುದ್ದೆ ಮಾಡ್ತೀರಪ್ಪಾ?”

ಬೆನ್ಯುವೆ ಕಡೆಯವರು ಗೆಣಸು ಕುಟ್ಟಿ ಮುದ್ದೆ ಮಾಡಿ ತಿನ್ನುವವರೆಂದು ಹನ್ನೊಂದು ವರ್ಷದಿಂದ ಅದೇ ತಮಾಷೆ. ಟೆರ್ಸೂ ಹಲ್ಲು ಕಾಣುವಷ್ಟು ನಕ್ಕ.

ಅಬೋಸೆಡೆ ಮುಕ್ಕಾಲು ಗಂಟೆ ಮಾತಾಡಿದಳು. ಅವನಿಗೆ ಅವಳ ಕೆಲಸ ಮೊದಲ ಸಲ ಕಾಣಿಸಿತು. ಇದುವರೆಗೆ ಓದಿದ್ದೆಲ್ಲ ತಪ್ಪು ಹುಡುಕುತ್ತ ಓದಿದ್ದು. ಎರಡನೆಯ ಕುಣಿಕೆಯನ್ನು ಅವಳು ಅಕ್ಷರ ಅಕ್ಷರವಾಗಿ ಬಿಚ್ಚಿದ್ದಳು. ಸೊಳ್ಳೆಯ ಕೋಶಗಳಲ್ಲಿ ತಲೆಮಾರು ಕಳೆದಂತೆ ಅದು ಹೇಗೆ ಸಡಿಲವಾಗುತ್ತದೆ, ಮನುಷ್ಯನ ಕೋಶಕ್ಕೆ ಮರಳಿದರೆ ಹೇಗೆ ಮತ್ತೆ ಬಿಗಿಯುತ್ತದೆ ಎಂದು ಒಂದೊಂದು ವಾರದ ಲೆಕ್ಕ ಇಟ್ಟಿದ್ದಳು. ಚೆನ್ನಾಗಿತ್ತು. ಅಷ್ಟು ಚೆನ್ನಾದದ್ದನ್ನು ಅವನು ಇಡೀ ಜೀವಮಾನದಲ್ಲಿ ಮಾಡಿರಲಿಲ್ಲ. ಅದು ಗೊತ್ತಾದಾಗ ಅವಳ ಮೇಲಿದ್ದ ದ್ವೇಷ ಕಮ್ಮಿಯಾಗಬೇಕಿತ್ತು. ಆಗಲಿಲ್ಲ.

ಜೋಸ್‌ನವನು ಮುಂದಕ್ಕೆ ಬಾಗಿ, ಇಷ್ಟು ಶುದ್ಧವಾದ ಕೆಲಸ ಡಾಕ್ಟರ್ ಅಕೋಸು ಅವರ ಫಲಿತಾಂಶಕ್ಕೆ ಪೂರ್ತಿ ತಿರುಗುಮುರುಗಾಗಿ ಯಾಕೆ ಬರುತ್ತದೆ ಎಂದು ಕೇಳಿದ. ಗೊತ್ತಿಲ್ಲ ಎಂದಳು ಅಬೋಸೆಡೆ. ಅವರ ಕೊಳವೆ ನಾನು ನೋಡಿಲ್ಲ, ಅವರು ನನ್ನವನ್ನು ನೋಡದೆಯೇ ಬರೆದಿದ್ದಾರೆ ಎಂದಳು.

ಓಯೆಗಾಡೆ ಟೆರ್ಸೂ ಕಡೆ ತಿರುಗಿದ. “ಡಾಕ್ಟ್ರೇ. ನಿಮ್ಮ ವರದಿ ಹಾಗೇ ಇರತ್ತೆ ತಾನೆ?”

ಒಂದು ವಾಕ್ಯ ಸಾಕಿತ್ತು. ತಪ್ಪು ನನ್ನ ಕೊಳವೆಯಲ್ಲಿದೆ. ಅದನ್ನು ಅವನು ಮನಸ್ಸಿನಲ್ಲಿ ಮೊದಲು ಟಿವ್ ಭಾಷೆಯಲ್ಲಿ ಹೇಳಿಕೊಂಡ, ಆಮೇಲೆ ಇಂಗ್ಲಿಷಿನಲ್ಲಿ. ಮುಂದಿನ ತಿಂಗಳು ವೈರಸ್ ವಿಭಾಗದ ಹೊಣೆ ಅವನಿಗೆ ಬರುವುದಿತ್ತು, ಅದು ಹೋಗುತ್ತಿತ್ತು. ಪ್ರಕಟವಾದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತಿತ್ತು. ಅವೆಲ್ಲ ತಡೆದುಕೊಳ್ಳಬಹುದಾದ ನಷ್ಟಗಳು ಎಂದು ಅವನಿಗೆ ಆಶ್ಚರ್ಯದಿಂದ ಅನ್ನಿಸಿತು. ತಡೆಯಲಾಗದ್ದು ಮುಂದಿನ ಪ್ರಶ್ನೆ. ಹೇಗಾಯಿತು ಎಂದು ಕೇಳುತ್ತಾರೆ. ಹೇಳಬೇಕಾಗುತ್ತದೆ. ಹನ್ನೊಂದು ವರ್ಷ ನಿಮ್ಮ ನಡುವೆ ಇದ್ದೂ ಅವಳಿಗಳಲ್ಲಿ ಹಿರಿಯ ಯಾರು ಎಂದು ನನಗೆ ಗೊತ್ತಿರಲಿಲ್ಲ ಎನ್ನಬೇಕಾಗುತ್ತದೆ. ಓಯೆಗಾಡೆ ಮೇಜು ಬಡಿದು ನಗುತ್ತಾನೆ. ಸಂಜೆಯೊಳಗೆ ಕಾವಲುಗಾರ ನಗುತ್ತಾನೆ. ಯಾರದೋ ಮದುವೆಯಲ್ಲಿ, ಯಾರದೋ ನಾಮಕರಣದಲ್ಲಿ, ಅವನು ಸತ್ತ ಮೇಲೂ ಆ ಕತೆ ನಡೆಯುತ್ತದೆ.

“ವರದಿಯಲ್ಲಿ ಎಲ್ಲಾ ಇದೆ,” ಎಂದ ಟೆರ್ಸೂ.

“ಅಂದ್ರೆ?”

“ಇದೆ.”

ಅಬೋಸೆಡೆ ಅವನನ್ನೇ ನೋಡುತ್ತಿದ್ದಳು. ಅವಳನ್ನು ಹೊರಗೆ ಕಳಿಸಿದರು.

ಬಾಗಿಲು ಮುಚ್ಚಿದ ಮೇಲೆ ಜೋಸ್‌ನವನು ಇಬ್ಬರ ಕೊಳವೆಗಳನ್ನೂ ಒಟ್ಟಿಗೆ ಓದಿಸಿ ನೋಡಿದರೆ ಹೇಗೆ ಎಂದ. ಹಳೆಯವು ಎಂದ ಟೆರ್ಸೂ. ಹಳೆಯವಾದರೇನು ಎಂದ ಅವನು. ಕರೆಂಟು ಹೋಗಿ ಬಂದು ಎಷ್ಟೋ ಸಲ ಕರಗಿವೆ ಎಂದ ಟೆರ್ಸೂ. ಅದು ಸುಳ್ಳು, ಆ ಫ್ರೀಜರಿಗೆ ಬೇರೆ ಜನರೇಟರ್ ಇತ್ತು. ಓಯೆಗಾಡೆಗೆ ಅದು ಗೊತ್ತಿತ್ತು. ಅವನು ಗಡಿಯಾರ ನೋಡಿದ. ಮಧ್ಯಾಹ್ನದ ಊಟ ಆರುತ್ತಿತ್ತು.

ತೀರ್ಮಾನ ಬೇಗ ಆಯಿತು. ಪ್ರಬಂಧ ವಾಪಸ್ಸು; ಎಲ್ಲ ಪ್ರಯೋಗವನ್ನೂ ಮೊದಲಿನಿಂದ ಮಾಡಿ ಎರಡು ವರ್ಷದ ಮೇಲೆ ಮತ್ತೆ ತರಬೇಕು. ಅವಳ ವಿದ್ಯಾರ್ಥಿವೇತನ ಕಳೆದ ತಿಂಗಳೇ ಮುಗಿದಿತ್ತು. ಎರಡು ವರ್ಷ ಎಂದರೆ ಯಾವತ್ತೂ ಇಲ್ಲ ಎಂದು ಮೂವರಿಗೂ ತಿಳಿದಿತ್ತು. ಓಯೆಗಾಡೆ ಸಹಿ ಹಾಕಿದ. ಜೋಸ್‌ನವನು ಹಿಂದೆಮುಂದೆ ನೋಡಿ, ವಿಷಯ ನಿಮ್ಮದು, ನಿಮಗೆ ಹೆಚ್ಚು ಗೊತ್ತು ಎಂದು ಟೆರ್ಸೂಗೆ ಹೇಳಿ ಹಾಕಿದ. ಹಾಳೆ ಅವನ ಮುಂದೆ ಬಂತು.

“ಓದಿ ಹಾಕ್ತೀನಿ,” ಎಂದ.

“ನಿಮ್ಮದೇ ವರದಿ. ಅದ್ರಲ್ಲಿ ಓದೋದೇನು?” ಓಯೆಗಾಡೆ ಎದ್ದ. “ಮೂರು ಗಂಟೆ ಒಳಗೆ ಕೊಡಿ. ಆಮೇಲೆ ಆಫೀಸು ಮುಚ್ಚತ್ತೆ.”

ಕೋಶಗಳನ್ನು ಬೆಳೆಸುವ ಕೋಣೆಯಲ್ಲಿ ಇಯಾ ಇಬೇಜಿ ಒಬ್ಬಳೇ ಇದ್ದಳು. ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ. ಸಹಿಯಿಲ್ಲದ ಹಾಳೆ ಅವನ ಕಂಕುಳಲ್ಲಿ ಬೆವರಿಗೆ ಮೆದುವಾಗುತ್ತಿತ್ತು.

“ಬೆಳಗ್ಗೆ ನಾನು ಕೇಳಿದ್ದು,” ಎಂದ. “ಯಾರಿಗಾದ್ರೂ ಹೇಳಿದ್ರಾ?”

“ಏನನ್ನ ಸಾರ್?”

“ದೊಡ್ಡವನು ಯಾರು ಅನ್ನೋದು.”

ಅವಳು ಬಾಟಲಿಯನ್ನು ಕೆಳಗಿಟ್ಟಳು. “ಅದು ಎಲ್ರಿಗೂ ಗೊತ್ತಿರೋದೇ ಅಲ್ವಾ ಸಾರ್? ಯಾರಿಗೆ ಅಂತ ಹೇಳ್ಲಿ?” ಕೈ ಒರೆಸಿಕೊಳ್ಳುತ್ತ, “ಅಬೋಸೆಡೆ ಕೇಳಿದ್ಲು, ಸಾರ್‌ಗೆ ಫ್ರೀಜರ್ ಹತ್ರ ಏನು ಕೆಲಸ ಇತ್ತು ಅಂತ. ಹಳೇ ಕೊಳವೆ ವಿಚಾರಿಸಿದ್ರು ಅಂದೆ. ತಪ್ಪಾಯ್ತಾ?”

“ಇಲ್ಲ.”

“ಪಾಪ, ಹುಡುಗಿ ಪಾಸಾದ್ಲಾ ಸಾರ್?”

ಅವನು ಕಂಕುಳಿನ ಹಾಳೆಯನ್ನು ಇನ್ನಷ್ಟು ಒಳಗೆ ಒತ್ತಿಕೊಂಡ. ಅವಳೂ ಎರಡನೆಯ ಸಲ ಕೇಳದೆ ಬಾಟಲಿ ಎತ್ತಿಕೊಂಡಳು. ಈ ಹೆಂಗಸಿಗೆ ಎಷ್ಟು ತಿಳಿದಿದೆ ಎಂದು ಅವಳ ಬೆನ್ನು ನೋಡಿ ಊಹಿಸಲು ಪ್ರಯತ್ನಿಸಿದ. ಹನ್ನೊಂದು ವರ್ಷದಲ್ಲಿ ಅವನು ಅವಳ ಬೆನ್ನನ್ನೂ ಸರಿಯಾಗಿ ನೋಡಿರಲಿಲ್ಲ.

ಪಡಸಾಲೆಗೆ ಬಂದಾಗ ಅಬೋಸೆಡೆ ಎದುರಿನಿಂದ ಬರುತ್ತಿದ್ದಳು. ಯಾರೋ ಹೇಳಿಬಿಟ್ಟಿದ್ದರು, ಮುಖದಲ್ಲೇ ಗೊತ್ತಾಗುತ್ತಿತ್ತು. ಬೈದರೆ ಬೈಯಲಿ ಎಂದುಕೊಂಡ. ಬೈದರೆ ಒಳ್ಳೆಯದು, ಆಗ ಸಹಿ ಹಾಕುವುದು ಸುಲಭ. ಅವಳು ಅವನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತು, ನೀಲಿ ನಿಲುವಂಗಿಯ ಅಂಚನ್ನು ಕಾಲಿನ ಕೆಳಗೆ ಮಡಿಚಿಕೊಂಡು, ಸಿಮೆಂಟಿನ ಮೇಲೆ ಎರಡೂ ಮಂಡಿ ಊರಿ ಕೂತಳು.

ಈ ಊರಿನಲ್ಲಿ ಹೆಣ್ಣುಮಕ್ಕಳು ಹಿರಿಯರಿಗೆ ಮಂಡಿಯೂರುತ್ತಾರೆ. ಅವಸರವಿದ್ದರೆ ಮೊಣಕಾಲನ್ನು ಒಂದಿಷ್ಟು ಬಗ್ಗಿಸಿ ಮುಂದೆ ಹೋಗುತ್ತಾರೆ. ಗೇಟಿನ ಕಾವಲುಗಾರನಿಗೂ ಮೊಣಕಾಲು ಬಗ್ಗಿಸುತ್ತಿದ್ದ ಅಬೋಸೆಡೆ ನಾಲ್ಕು ವರ್ಷದಲ್ಲಿ ಟೆರ್ಸೂಗೆ ಒಮ್ಮೆಯೂ ಬಗ್ಗಿಸಿರಲಿಲ್ಲ. ಅವನು ಅದನ್ನು ದಿನವೂ ಗಮನಿಸಿದ್ದ.

“ಏನಿದು,” ಎಂದ. “ಎದ್ದೇಳಿ.”

ಅವಳು ಏಳಲಿಲ್ಲ. ತಲೆ ಬಗ್ಗಿಸಿಕೊಂಡೇ, ತೀರಾ ವಿನಯದಿಂದ, ಎಲ್ಲರಿಗೂ ಕೇಳುವಂತೆ ಹೇಳಿದಳು. “ನೀವು ಹಿರಿಯರು ಸಾರ್. ಹಿರಿಯರು ಏಳು ಅನ್ನೋ ತನಕ ನಾವು ಏಳೋ ಹಾಗಿಲ್ಲ.”

“ಹೇಳಿದೆನಲ್ಲ, ಏಳಿ ಅಂತ.”

“ಅದು ಇಂಗ್ಲಿಷು ಸಾರ್. ನಮ್ಮ ಮಾತಲ್ಲಿ ಹೇಳಿ.”

ಪಡಸಾಲೆಯ ಉದ್ದಕ್ಕೂ ಬಾಗಿಲುಗಳು ತೆರೆದುಕೊಂಡವು. ಗುಮಾಸ್ತರು, ಸಹಾಯಕರು, ಊಟ ಮಾಡುತ್ತಿದ್ದವರು ಬಾಯಲ್ಲಿ ತುತ್ತಿಟ್ಟುಕೊಂಡೇ ಬಂದು ನಿಂತರು. ಯಾರೂ ನಗಲಿಲ್ಲ. ಅವರು ನಕ್ಕಿದ್ದರೆ ಅವನು ಕಾಲು ಕಿತ್ತು ಹೋಗಬಹುದಾಗಿತ್ತು. ಏಳು ಎನ್ನುವುದಕ್ಕೆ ಅವರಲ್ಲಿ ಒಂದು ಮಾತಿದೆ. ತಾಯಂದಿರು ದಿನಕ್ಕೆ ನೂರು ಸಲ ಆಡುವ ಮಾತು. ಅವನ ಕಿವಿಯ ಪಕ್ಕದಲ್ಲೇ ಸಾವಿರ ಸಲ ಹಾದುಹೋಗಿರಬೇಕು. ಬಾಯಿ ತೆರೆದ. ನಾಲಿಗೆಗೆ ಏನೂ ಸಿಗಲಿಲ್ಲ. ಹಾಳೆ ಕಂಕುಳಿಂದ ಜಾರುತ್ತಿತ್ತು; ತೋಳನ್ನು ಬಿಗಿಮಾಡಿದ.

ಕೊಳವೆಯ ವಿಷಯ ಇವಳಿಗೆ ಗೊತ್ತಿದೆ ಎನ್ನಿಸಿತು. ಗೊತ್ತಿಲ್ಲ, ಬರೀ ಸೊಕ್ಕು ಎಂದೂ ಅನ್ನಿಸಿತು.

ಅವನ ಕಣ್ಣ ಕೆಳಗೆ ಅವಳ ತಲೆ. ಕೂದಲನ್ನು ಬಿಗಿಯಾಗಿ ಹೆಣೆದು, ನೆತ್ತಿಯ ಸುತ್ತ ಬಳೆಯಂತೆ ಒಂದು ಸುತ್ತು ಬಳಸಿ, ತುದಿಯನ್ನು ಬುಡದೊಳಗೇ ಸೇರಿಸಿ ಹೊಲಿದಿದ್ದರು. ಎಲ್ಲಿಯೋ ಒಂದು ಕಡೆ ಅದು ಶುರುವಾಗಿರಲೇಬೇಕು. ಟೆರ್ಸೂ ಅವಳ ಎಡಗಿವಿಯ ಮೇಲಿನಿಂದ ಹಿಡಿದು ಹೆಣಿಗೆಯ ಜಾಡಿನಲ್ಲಿ ಕಣ್ಣು ಆಡಿಸುತ್ತ ಪೂರ್ತಿ ಒಂದು ಸುತ್ತು ಬಂದ. ಮೊದಲು ಸಿಗಲಿಲ್ಲ, ಕೊನೆಯೂ ಸಿಗಲಿಲ್ಲ. ಎಡಗಿವಿಯ ಮೇಲಿನಿಂದ ಮತ್ತೆ ಶುರುಮಾಡಿದ.